ಕಡಿಮೆ ಬಜೆಟ್ಟಿನಲ್ಲಿ ಹಳೆಯ ಆಂಪ್ಲಿಫೈಯರ್, ಸ್ಪೀಕರ್ ಕೊಳ್ಳುವುದು ಹೇಗೆ?

ಎಲೆಕ್ಟ್ರಾನಿಕ್ ವಸ್ತುಗಳಲ್ಲಿ ಹೆಚ್ಚಿನವನ್ನು ಸೆಕೆಂಡ್ ಹ್ಯಾಂಡ್ ಕೊಳ್ಳುವುದು ಅಷ್ಟೇನೂ ಜಾಣತನವಲ್ಲ. ಮೊಬೈಲ್, ಲ್ಯಾಪ್‌ಟಾಪ್, ಟಿವಿ ಇವೆಲ್ಲ ಕೆಲವೇ ವರ್ಷಗಳಲ್ಲಿ ಹಳತಾಗಿ ಬಿಡುತ್ತವೆ. ಎಡ, ಬಲ ಎಂಬ ಎರಡು ಚಾನೆಲ್ಲಿನ ಸ್ಟೀರಿಯೊ ಆಂಪ್ಲಿಫೈಯರ್ ಮತ್ತು ಒಂದು ಜೊತೆ ಸ್ಪೀಕರ್ ಈ ಮಾತಿಗೆ ಅಪವಾದ. ಸಣ್ಣ ವಿದ್ಯುತ್ ಸಂಕೇತವನ್ನು ದೊಡ್ಡದು ಮಾಡಿ ಸ್ಪೀಕರಿನ ಕಾಗದದ ಕೋನನ್ನು ಅಲುಗಾಡಿಸುವ ವಿದ್ಯೆ 1970ರ ದಶಕದ ಕೊನೆಯ ಹೊತ್ತಿಗೇ ಪಕ್ವವಾಗಿತ್ತು. 1978ರಲ್ಲಿ ಮಾರುಕಟ್ಟೆಗೆ ಬಂದ ಎನ್‌ಎಡಿ 3020 ಎಂಬ ಆಂಪ್ಲಿಫೈಯರ್, ಚಾನೆಲ್ಲಿಗೆ ಬರೀ 20 ವಾಟ್ ಎಂದು ಹೇಳಿಕೊಂಡಿದ್ದರೂ, ಇಂದಿಗೂ ಹುಡುಕಿಕೊಂಡು ಹೋಗಿ ಕೊಳ್ಳುವವರನ್ನು ಉಳಿಸಿಕೊಂಡಿದೆ. ಆದ್ದರಿಂದ ಹದಿನೈದು ಇಪ್ಪತ್ತು ಸಾವಿರ ರೂಪಾಯಿಯೊಳಗೆ ಹಾಡು ಕೇಳಲು ಯೋಗ್ಯವಾದ ಸೆಟ್ ಬೇಕೆನ್ನುವವರು ಹೊಸ ಸೌಂಡ್‌ಬಾರ್‌ಗಿಂತ ಮೊದಲು ಹಳೆಯ ಸ್ಟೀರಿಯೊವನ್ನೇ ನೋಡಬೇಕು ಎಂಬುದು ನನ್ನ ಅಭಿಪ್ರಾಯ. ಆದರೆ ಹಳೆಯ ಮಾಲಿನಲ್ಲಿ ಕೊಳ್ಳುವವನನ್ನು ಕಾಯುವುದು ಬ್ರ್ಯಾಂಡಿನ ಹೆಸರಲ್ಲ, ವಸ್ತುವಿನ ಸ್ಥಿತಿ. ಚೆನ್ನಾಗಿ ಬಾಳಿಸಿದ ಸಾಧಾರಣ ಕಂಪನಿಯ ಸೆಟ್ಟು, ಪ್ರತಿಷ್ಠಿತ ಹೆಸರಿನ ಹಾಳಾದ ಸೆಟ್ಟಿಗಿಂತ ಎಂದಿಗೂ ಮೇಲು.

ಮೊದಲು ಕೋಣೆ, ಆಮೇಲೆ ಸ್ಪೀಕರ್, ಕೊನೆಗೆ ಆಂಪ್ಲಿಫೈಯರ್

ಹೆಚ್ಚಿನವರು ಆಂಪ್ಲಿಫೈಯರಿನಿಂದ ಶುರು ಮಾಡುತ್ತಾರೆ, ಏಕೆಂದರೆ ಅದರ ಮುಖದ ಮೇಲಿನ ಗುಂಡಿಗಳೂ ಮೀಟರುಗಳೂ ಕಣ್ಣಿಗೆ ಚೆಂದ. ಕಿವಿಗೆ ಬೀಳುವ ವ್ಯತ್ಯಾಸದಲ್ಲಿ ದೊಡ್ಡ ಪಾಲು ಸ್ಪೀಕರಿನದು ಮತ್ತು ಅದು ಕುಳಿತ ಕೋಣೆಯದು. ಸುಸ್ಥಿತಿಯಲ್ಲಿರುವ ಎರಡು ಆಂಪ್ಲಿಫೈಯರುಗಳ ನಡುವಿನ ವ್ಯತ್ಯಾಸವನ್ನು ಕಣ್ಣು ಮುಚ್ಚಿಕೊಂಡು ಗುರುತಿಸುವುದು ಕಷ್ಟ. ಎರಡು ಸ್ಪೀಕರುಗಳ ನಡುವಿನ ವ್ಯತ್ಯಾಸವನ್ನು ಪಕ್ಕದ ಕೋಣೆಯಲ್ಲಿ ಕುಳಿತವರೂ ಹೇಳಬಲ್ಲರು. ನಿಮ್ಮ ಬಳಿ 20 ಸಾವಿರ ಇದ್ದರೆ ಸುಮಾರು 11 ಸಾವಿರವನ್ನು ಸ್ಪೀಕರಿಗೆ, 6 ಸಾವಿರವನ್ನು ಆಂಪ್ಲಿಫೈಯರಿಗೆ ಇಟ್ಟು, ಉಳಿದದ್ದನ್ನು ರಿಪೇರಿ, ವೈರು, ಪ್ಲಗ್ಗುಗಳಿಗೆಂದು ಮುಟ್ಟದೆ ಉಳಿಸಿಕೊಳ್ಳಿ. ಈ ಕೊನೆಯ ಮೊತ್ತವನ್ನು ಲೆಕ್ಕಕ್ಕೆ ಹಿಡಿಯದವರು ಕೊನೆಗೆ ಅರ್ಧ ಕೆಲಸ ಮಾಡುವ ಸೆಟ್ಟಿನೊಂದಿಗೆ ತಿಂಗಳುಗಟ್ಟಲೆ ಕಾಲ ತಳ್ಳುತ್ತಾರೆ.

ಹತ್ತು ಹನ್ನೆರಡು ಅಡಿಯ ಕೋಣೆಗೆ ಐದು ಅಥವಾ ಆರೂವರೆ ಇಂಚಿನ ವೂಫರ್ (ತಗ್ಗು ದನಿ ನುಡಿಸುವ ದೊಡ್ಡ ಕೋನು) ಇರುವ, ಸ್ಟ್ಯಾಂಡಿನ ಮೇಲೆ ಅಥವಾ ಗಟ್ಟಿ ಮೇಜಿನ ಮೇಲೆ ಇಡಬಹುದಾದ ಬುಕ್‌ಶೆಲ್ಫ್ ಸ್ಪೀಕರುಗಳು ಸಾಕು. ಎಂಟು ಅಥವಾ ಹತ್ತು ಇಂಚಿನ ವೂಫರಿನ ಎತ್ತರದ ಪೆಟ್ಟಿಗೆಗಳು ದೊಡ್ಡ ಹಾಲಿಗೆ ಸರಿ. ಸಣ್ಣ ಕೋಣೆಯಲ್ಲಿ, ಅದರಲ್ಲೂ ಗೋಡೆಗೆ ಒತ್ತಿ ಇಟ್ಟಾಗ, ಅವು ಗಾಯಕನ ದನಿಯನ್ನು ಮುಚ್ಚಿಹಾಕುವಷ್ಟು ಗುಂಯ್‌ಗುಡುತ್ತವೆ. ನಮ್ಮ ಮನೆಗಳ ಗೋಡೆ ಸಿಮೆಂಟು ಗಾರೆಯದು, ನೆಲ ಗ್ರಾನೈಟ್ ಅಥವಾ ಟೈಲ್ಸಿನದು. ಮರದ ನೆಲ, ರತ್ನಗಂಬಳಿಗಳ ಮನೆಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಮಾಡಿದ ಸ್ಪೀಕರುಗಳು ಇಲ್ಲಿ ತುಸು ಕಿರುಚಿದಂತೆ ಕೇಳುವುದುಂಟು. ಕೊಳ್ಳುವಾಗಲೇ ಮೃದುವಾಗಿ ನುಡಿಯುವ, ರೇಷ್ಮೆ ಅಥವಾ ಬಟ್ಟೆಯ ಗುಮ್ಮಟವಿರುವ ಟ್ವೀಟರಿನ (ಏರು ದನಿ ನುಡಿಸುವ ಪುಟ್ಟ ಸ್ಪೀಕರಿನ) ಕಡೆ ಒಲವಿಟ್ಟರೆ ಆಮೇಲೆ ಪಶ್ಚಾತ್ತಾಪ ಕಡಿಮೆ.

ವಾಟ್ ಎಂಬ ಸಂಖ್ಯೆಯನ್ನು ಹೇಗೆ ಓದಬೇಕು

ಪಿಎಂಪಿಒ ಎಂದು ಬರೆದಿರುವ ಸಾವಿರಗಟ್ಟಲೆ ವಾಟ್‌ಗಳ ಲೆಕ್ಕವನ್ನು ಪೂರ್ತಿ ಮರೆತುಬಿಡಿ. ಅದಕ್ಕೆ ಎಲ್ಲರೂ ಒಪ್ಪಿದ ಅಳತೆಯ ವಿಧಾನವೇ ಇಲ್ಲ. ನೋಡಬೇಕಾದದ್ದು ಆರ್‌ಎಂಎಸ್ ವಾಟ್, ಅಂದರೆ ನಿರಂತರವಾಗಿ ಕೊಡಬಲ್ಲ ಶಕ್ತಿ, ಅದೂ 8 ಓಮ್‌ನಲ್ಲಿ (ಓಮ್ ಎಂದರೆ ಸ್ಪೀಕರ್ ವಿದ್ಯುತ್ತಿಗೆ ಒಡ್ಡುವ ತಡೆಯ ಅಳತೆ) ಎರಡೂ ಚಾನೆಲ್ ಒಟ್ಟಿಗೆ ದುಡಿಯುವಾಗ ಎಷ್ಟು ಎಂಬುದನ್ನು. ಅದಕ್ಕಿಂತ ಮುಖ್ಯವಾದ, ಆದರೆ ಯಾರೂ ಕೇಳದ ಸಂಖ್ಯೆಯೊಂದಿದೆ: ಸ್ಪೀಕರಿನ ಸೆನ್ಸಿಟಿವಿಟಿ. ಒಂದು ವಾಟ್ ಕೊಟ್ಟಾಗ ಒಂದು ಮೀಟರ್ ದೂರದಲ್ಲಿ ಎಷ್ಟು ಡೆಸಿಬೆಲ್ ಸದ್ದು ಬರುತ್ತದೆ ಎಂಬುದೇ ಅದು. ಸಾಮಾನ್ಯ ಬುಕ್‌ಶೆಲ್ಫ್ ಸ್ಪೀಕರುಗಳಲ್ಲಿ ಇದು 85ರಿಂದ 89ರವರೆಗೆ ಇರುತ್ತದೆ. ಸದ್ದು 3 ಡೆಸಿಬೆಲ್ ಏರಬೇಕಾದರೆ ವಾಟ್ ಇಮ್ಮಡಿಯಾಗಬೇಕು. ಹಾಗಾಗಿ 89 ಡೆಸಿಬೆಲ್ಲಿನ ಸ್ಪೀಕರಿಗೆ 25 ವಾಟ್ ಕೊಟ್ಟಾಗ ಬರುವಷ್ಟೇ ಸದ್ದು 86 ಡೆಸಿಬೆಲ್ಲಿನ ಸ್ಪೀಕರಿನಿಂದ ಬರಬೇಕಾದರೆ 50 ವಾಟ್ ಬೇಕು.

ಇದನ್ನೇ ತಿರುಗಿಸಿ ನೋಡಿ. 87 ಡೆಸಿಬೆಲ್ಲಿನ ಸ್ಪೀಕರಿಗೆ 20 ವಾಟ್ ಕೊಟ್ಟರೆ ಒಂದು ಮೀಟರ್ ದೂರದಲ್ಲಿ 100 ಡೆಸಿಬೆಲ್ ಸದ್ದು ಹುಟ್ಟುತ್ತದೆ; ನೀವು ಕುಳಿತಲ್ಲಿಗೆ ಬರುವಷ್ಟರಲ್ಲಿ ಅದು ಕೆಲವು ಡೆಸಿಬೆಲ್ ಇಳಿದರೂ ನೆರೆಮನೆಯವರು ಬಂದು ಬಾಗಿಲು ತಟ್ಟುವಷ್ಟು ಜೋರಾಗಿಯೇ ಇರುತ್ತದೆ. ಮಾಮೂಲಿ ಹಾಡು ಕೇಳುವಾಗ ಆಂಪ್ಲಿಫೈಯರ್ ಕೊಡುತ್ತಿರುವುದು ಒಂದೆರಡು ವಾಟ್ ಮಾತ್ರ. ಆದ್ದರಿಂದ ಸಣ್ಣ ಕೋಣೆಗೆ ಚಾನೆಲ್ಲಿಗೆ 30ರಿಂದ 50 ವಾಟ್‌ನ ಪ್ರಾಮಾಣಿಕ ಆಂಪ್ಲಿಫೈಯರ್ ಬೇಕಾದಷ್ಟಾಯಿತು. ಸ್ಪೀಕರಿನ ಓಮ್ ಸಂಖ್ಯೆ ಮಾತ್ರ ಆಂಪ್ಲಿಫೈಯರಿನ ಹಿಂದೆ ಬರೆದಿರುವ ಕನಿಷ್ಠಕ್ಕಿಂತ ಕೆಳಗಿರಬಾರದು. ಎ ಮತ್ತು ಬಿ ಎಂದು ಎರಡು ಜೊತೆ ಸ್ಪೀಕರುಗಳನ್ನು ಒಟ್ಟಿಗೆ ಹಾಕುವ ಸ್ವಿಚ್ಚಿದ್ದರೆ, ಅದನ್ನು ಒತ್ತಿದಾಗ ಓಮ್ ಸಾಮಾನ್ಯವಾಗಿ ಅರ್ಧಕ್ಕೆ ಇಳಿಯುತ್ತದೆ ಎಂಬುದನ್ನು ನೆನಪಿಡಿ.

ಎಲ್ಲಿ ಹುಡುಕಬೇಕು, ಯಾವುದನ್ನು ಬಿಡಬೇಕು

ಆನ್‌ಲೈನ್ ಜಾಹೀರಾತುಗಳು ಒಂದು ದಾರಿ. ಬೆಂಗಳೂರಿನಲ್ಲಿರುವವರಿಗೆ ಎಸ್.ಪಿ. ರಸ್ತೆಯ ಸುತ್ತಮುತ್ತಲ ಅಂಗಡಿಗಳೂ ಚಿಕ್ಕಪೇಟೆ ಕಡೆಯ ಭಾನುವಾರದ ಸಂತೆಯೂ ಇನ್ನೊಂದು ದಾರಿ. ಅಲ್ಲಿ ಸೆಟ್ಟಿಗಿಂತ ಬಿಡಿಭಾಗಗಳು ಸಿಗುವ ಅನುಕೂಲವೇ ಹೆಚ್ಚು. ಮೂರನೆಯದು, ಬಹಳ ಮಂದಿ ಯೋಚಿಸದ ದಾರಿ: ಮನೆ ಖಾಲಿ ಮಾಡುತ್ತಿರುವ, ಅಥವಾ ಅಪ್ಪನ ಕಾಲದ ಸೆಟ್ಟನ್ನು ಅಟ್ಟದ ಮೇಲೆ ಇಟ್ಟಿರುವ ಪರಿಚಿತರು. ಕರಾವಳಿಯಲ್ಲಿ ಗಲ್ಫ್ ದೇಶಗಳಿಂದ ಮರಳಿದವರು ತಂದ ಜಪಾನೀ ಸೆಟ್ಟುಗಳು ಈಗಲೂ ಹಲವು ಮನೆಗಳಲ್ಲಿವೆ. ಅವುಗಳಲ್ಲಿ ಬಹುಪಾಲು ನಮ್ಮ 230 ವೋಲ್ಟಿಗೆ ಹೊಂದುತ್ತವೆ ಎಂಬುದು ಅನುಕೂಲ. ಉಪ್ಪುಗಾಳಿಗೆ ಟರ್ಮಿನಲ್ಲುಗಳು ಹಸಿರುಗಟ್ಟಿ, ಸ್ವಿಚ್ಚುಗಳು ಮಂಕಾಗಿರುತ್ತವೆ ಎಂಬುದು ಅನಾನುಕೂಲ.

ಅಮೆರಿಕದಿಂದ ವಾಪಸಾದವರು ಮಾರುವ ಸೆಟ್ಟುಗಳ ವಿಷಯದಲ್ಲಿ ಹೆಚ್ಚು ಎಚ್ಚರ ಬೇಕು. ಅವು 120 ವೋಲ್ಟಿನವು. ಜಪಾನಿನ ಒಳಮಾರುಕಟ್ಟೆಯವಾದರೆ 100 ವೋಲ್ಟಿನವು. ಹಿಂಬದಿಯ ಲೇಬಲ್ ಓದದೆ ಗೋಡೆಯ ಪ್ಲಗ್ಗಿಗೆ ಚುಚ್ಚಿದರೆ ಟ್ರಾನ್ಸ್‌ಫಾರ್ಮರ್ ಅಲ್ಲೇ ಸುಟ್ಟುಹೋಗುತ್ತದೆ. ಕೆಲವು ಸೆಟ್ಟುಗಳಲ್ಲಿ ವೋಲ್ಟೇಜ್ ಬದಲಿಸುವ ಸ್ವಿಚ್ ಇರುತ್ತದೆ. ಇಲ್ಲದಿದ್ದರೆ ವೋಲ್ಟೇಜ್ ಇಳಿಸುವ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಬೇಕು, ಮತ್ತು ಅದರ ಸಾಮರ್ಥ್ಯ ಲೇಬಲ್ಲಿನಲ್ಲಿ ಬರೆದ ವಾಟ್‌ಗಿಂತ ಹೆಚ್ಚುಕಡಿಮೆ ಇಮ್ಮಡಿ ಇರುವುದು ಕ್ಷೇಮ. 60 ಹರ್ಟ್ಜ್‌ಗೆಂದೇ ಮಾಡಿದ ಟ್ರಾನ್ಸ್‌ಫಾರ್ಮರ್ ನಮ್ಮ 50 ಹರ್ಟ್ಜ್‌ನಲ್ಲಿ ಹೆಚ್ಚು ಕಾಯುತ್ತದೆ. ಇಷ್ಟೆಲ್ಲ ಖರ್ಚು, ತೂಕ, ತಲೆನೋವು ಸೇರಿಸಿದ ಮೇಲೂ ಬೆಲೆ ಅಗ್ಗವೆನಿಸಿದರೆ ಮಾತ್ರ ಅಂಥದ್ದನ್ನು ಕೊಳ್ಳಿ.

ಹೆಸರುಗಳ ಬಗ್ಗೆ ಎರಡು ಮಾತು. ಮರಾಂಟ್ಜ್, ಡೆನಾನ್, ಯಮಾಹಾ, ಎನ್‌ಎಡಿ, ಕೇಂಬ್ರಿಜ್ ಆಡಿಯೊ ಇವುಗಳ ಸಾದಾ ಸ್ಟೀರಿಯೊ ಆಂಪ್ಲಿಫೈಯರುಗಳು, ನಮ್ಮಲ್ಲೇ ತಯಾರಾದ ಸೊನೊಡೈನ್, ನಾರ್ಜ್‌ಗಳು ಹುಡುಕಲು ಯೋಗ್ಯ. ದೇಶೀ ಸೆಟ್ಟುಗಳಿಗೆ ಸಿಗಬೇಕಾದ ಮರ್ಯಾದೆ ಸಿಕ್ಕಿಲ್ಲವೆಂದೇ ನನಗನ್ನಿಸುತ್ತದೆ. ಒಳಗೆ ಸಾಮಾನ್ಯ ಟ್ರಾನ್ಸಿಸ್ಟರುಗಳೇ ಇರುವುದರಿಂದ ರಿಪೇರಿಯೂ ಸುಲಭ. ಸಾನ್ಸುಯಿಯಂಥ ಹೆಸರು ಕಂಡಾಗ ನಿಂತು ಯೋಚಿಸಬೇಕು: ಜಪಾನಿನಲ್ಲಿ ತಯಾರಾದ ಹಳೆಯ ಆಂಪ್ಲಿಫೈಯರುಗಳು ಒಂದು ಜಾತಿ, ಅದೇ ಹೆಸರನ್ನು ಹೊತ್ತು ಆಮೇಲೆ ನಮ್ಮಲ್ಲಿ ಮಾರಾಟವಾದ ಟಿವಿ, ಮ್ಯೂಸಿಕ್ ಸಿಸ್ಟಮ್‌ಗಳು ಬೇರೆಯೇ ಜಾತಿ.

ಕಣ್ಣು ಮುಚ್ಚಿ ಬಿಡಬೇಕಾದವೂ ಇವೆ. ಡಿವಿಡಿ ಪ್ಲೇಯರಿನೊಂದಿಗೆ ಒಂದೇ ಡಬ್ಬದಲ್ಲಿ ಬಂದ ಹೋಮ್ ಥಿಯೇಟರ್ ಸೆಟ್ಟಿನ ಪ್ಲಾಸ್ಟಿಕ್ ಸ್ಪೀಕರುಗಳು ಮೂರು ನಾಲ್ಕು ಓಮ್‌ನವು, ಅವುಗಳ ಪ್ಲಗ್ಗುಗಳೂ ವಿಚಿತ್ರ. ಬೇರೆ ಆಂಪ್ಲಿಫೈಯರಿಗೆ ಹೊಂದುವುದಿಲ್ಲ. ಗಾಜಿನ ಬಾಗಿಲಿನ ಸ್ಟ್ಯಾಂಡಿನೊಳಗೆ ಅಂತಸ್ತಂತಸ್ತಾಗಿ ಕಾಣುವ ಹಳೆಯ ರ‍್ಯಾಕ್ ಸಿಸ್ಟಮ್‌ಗಳಲ್ಲಿ ಹಲವು ಒಂದರ ವಿದ್ಯುತ್ತನ್ನು ಇನ್ನೊಂದು ಪಡೆಯುವಂತೆ ಮಾಡಿದವು. ಒಂದು ಅಂತಸ್ತು ಕೆಟ್ಟರೆ ಎಲ್ಲವೂ ಮೂಕ. ಎತ್ತಿ ನೋಡಿದರೆ ಗೊತ್ತಾಗುತ್ತದೆ, ನಿಜವಾದ ಆಂಪ್ಲಿಫೈಯರಿಗೆ ಟ್ರಾನ್ಸ್‌ಫಾರ್ಮರಿನ ಭಾರವಿರುತ್ತದೆ. ಸ್ಥಳೀಯವಾಗಿ ಜೋಡಿಸಿದ ಕೆಲವು ಪೆಟ್ಟಿಗೆಗಳಲ್ಲಿ ನಾಲ್ಕು ಸ್ಪೀಕರ್ ಕಾಣಿಸಿದರೂ ಅದರಲ್ಲಿ ಎರಡಕ್ಕೆ ವೈರೇ ಇರುವುದಿಲ್ಲ, ಅವು ಅಲಂಕಾರಕ್ಕೆ. ಪಾರ್ಟಿ, ಆರ್ಕೆಸ್ಟ್ರಾಗಳಿಗೆ ಬಾಡಿಗೆಗೆ ಹೋಗಿ ಬಂದ ಸ್ಪೀಕರ್ ಎಷ್ಟು ಅಗ್ಗವಾದರೂ ಬೇಡ.

ಸ್ಪೀಕರುಗಳಿಂದ ಬೇರೆಯಾಗಿ ಬರುವ ದೊಡ್ಡ ಎವಿ ರಿಸೀವರುಗಳನ್ನು (ಹೋಮ್ ಥಿಯೇಟರಿಗೆಂದು ಮಾಡಿದ ಹಲವು ಚಾನೆಲ್ಲಿನ ಆಂಪ್ಲಿಫೈಯರುಗಳನ್ನು) ಮಾತ್ರ ಇವುಗಳ ಜೊತೆ ಸೇರಿಸಿ ತಳ್ಳಿಹಾಕಬೇಡಿ. ಎಚ್‌ಡಿಎಂಐ ಹಳತಾಯಿತು, ಹೊಸ ಟಿವಿಗೆ ಹೊಂದುವುದಿಲ್ಲ ಎಂಬ ಒಂದೇ ಕಾರಣಕ್ಕೆ ಜನ ಅವನ್ನು ಸಿಕ್ಕ ಬೆಲೆಗೆ ಮಾರುತ್ತಾರೆ. ಎರಡೇ ಸ್ಪೀಕರ್ ಹಾಕಿ ಹಾಡು ಕೇಳುವವನಿಗೆ ಎಚ್‌ಡಿಎಂಐಯ ಗೊಡವೆಯೇ ಇಲ್ಲವಾದ್ದರಿಂದ ಆ ಅಗ್ಗದ ಲಾಭ ಪೂರ್ತಿಯಾಗಿ ಅವನದೇ.

ಸ್ಪೀಕರನ್ನು ಪರೀಕ್ಷಿಸುವುದು

ಹೋಗುವಾಗ ಟಾರ್ಚ್, ಅಗ್ಗದ್ದಾದರೂ ಸರಿಯಾದ ಒಂದು ಡಿಜಿಟಲ್ ಮಲ್ಟಿಮೀಟರ್, ಎರಡು ತುಂಡು ಸ್ಪೀಕರ್ ವೈರ್, ಮೊಬೈಲಿನಿಂದ ಎರಡು ಆರ್‌ಸಿಎ ಪ್ಲಗ್ಗಿಗೆ (ಆಂಪ್ಲಿಫೈಯರಿನ ಹಿಂದೆ ಚುಚ್ಚುವ ದುಂಡು ಪ್ಲಗ್ಗು) ಹೋಗುವ ಕೇಬಲ್ ಇಷ್ಟನ್ನು ಚೀಲದಲ್ಲಿ ಇಟ್ಟುಕೊಂಡಿರಿ. ಹಗಲಿನಲ್ಲಿಯೇ ಹೋಗಿ.

ಮೊದಲಿಗೆ ಮುಂದಿನ ಜಾಲರಿ ತೆಗೆಸಿ. ಮಾರುವವರು "ಅದು ಬರೋದಿಲ್ಲ ಸರ್, ಫಿಕ್ಸ್ ಆಗಿದೆ" ಎಂದರೆ ಅನುಮಾನಪಡುವುದಕ್ಕೆ ಕಾರಣವಿದೆ, ಏಕೆಂದರೆ ಮನೆಬಳಕೆಯ ಸ್ಪೀಕರುಗಳಲ್ಲಿ ಬಹುಪಾಲು ಜಾಲರಿಗಳು ಪ್ಲಾಸ್ಟಿಕ್ ಗೂಟಗಳ ಮೇಲೆ ಒತ್ತಿ ಕೂರಿಸಿದಂಥವು. ಜಾಲರಿಯ ಹಿಂದೆ ನೋಡಬೇಕಾದ ಮುಖ್ಯ ಅಂಗವೆಂದರೆ ವೂಫರಿನ ಕೋನನ್ನು ಲೋಹದ ಚೌಕಟ್ಟಿಗೆ ಸೇರಿಸುವ ಸುತ್ತುಪಟ್ಟಿ. ಅದು ರಬ್ಬರಿನದಾಗಿದ್ದರೆ ದೀರ್ಘಕಾಲ ಬಾಳುತ್ತದೆ. ಫೋಮಿನದಾಗಿದ್ದರೆ ಹತ್ತು ಹದಿನೈದು ವರ್ಷಗಳಲ್ಲಿ, ನಮ್ಮ ಮಳೆಗಾಲದ ತೇವಕ್ಕೆ ಕೆಲವೊಮ್ಮೆ ಅದಕ್ಕೂ ಮೊದಲೇ, ಕೊಳೆಯಲು ಶುರುವಾಗುತ್ತದೆ. ಬೆರಳ ತುದಿಯಿಂದ ಮೆಲ್ಲಗೆ ಮುಟ್ಟಿ: ಗಟ್ಟಿಯಿದ್ದರೆ ಒತ್ತಿದ ಜಾಗ ಹಿಂದಕ್ಕೆ ಪುಟಿಯುತ್ತದೆ, ಕೊಳೆತಿದ್ದರೆ ಬೆರಳಿಗೆ ಕಪ್ಪು ಜಿಗುಟು ಅಂಟುತ್ತದೆ ಅಥವಾ ಪುಡಿಯಾಗಿ ಉದುರುತ್ತದೆ, ಎಷ್ಟೋ ಸಲ ಕೆಳಗಿನ ಅರ್ಧದಲ್ಲಿ ಕೂದಲೆಳೆಯಷ್ಟು ಬಿರುಕು ಟಾರ್ಚಿನ ಓರೆ ಬೆಳಕಿಗೆ ಮಾತ್ರ ಕಾಣುತ್ತದೆ. ಫೋಮ್ ಹೋದದ್ದು ಸ್ಪೀಕರಿನ ಮರಣವೇನೂ ಅಲ್ಲ. ಹೊಸ ಪಟ್ಟಿ ಅಂಟಿಸಿಕೊಡುವ ಕುಶಲಿಗಳಿದ್ದಾರೆ. ಆ ಖರ್ಚನ್ನು ಬೆಲೆಯಿಂದ ಕಳೆಯಬೇಕು ಅಷ್ಟೇ.

ಆಮೇಲೆ ಎರಡೂ ಕೈಯ ಬೆರಳುಗಳನ್ನು ಕೋನಿನ ಮೇಲೆ ಸಮನಾಗಿ ಹರಡಿ ಕೆಲವೇ ಮಿಲಿಮೀಟರ್ ಒಳಕ್ಕೆ ಒತ್ತಿ ಬಿಡಿ. ನಿಶ್ಶಬ್ದವಾಗಿ ಹೋಗಿ ಬರಬೇಕು. ಕಾಗದ ಕೆರೆದಂಥ ಸಣ್ಣ ಸದ್ದು ಕೇಳಿದರೆ ಒಳಗೆ ಕೋನನ್ನು ಅಲುಗಾಡಿಸುವ ತಂತಿಸುರುಳಿ (ವಾಯ್ಸ್ ಕಾಯಿಲ್) ಸುಟ್ಟು ಉಬ್ಬಿದೆ ಅಥವಾ ಜರುಗಿದೆ ಎಂದರ್ಥ, ಮತ್ತು ಅದು ಅಂಟು ಹಚ್ಚಿ ಸರಿಮಾಡುವ ದೋಷವಲ್ಲ. ಟ್ವೀಟರನ್ನು ಮಾತ್ರ ಎಂದಿಗೂ ಮುಟ್ಟಬೇಡಿ. ಅದರ ಗುಮ್ಮಟ ಮೊದಲೇ ತಗ್ಗಿ ಹೋಗಿದ್ದರೆ, ಬಟ್ಟೆಯದಾದರೆ ಎಳೆದು ಸರಿಪಡಿಸಬಹುದು, ಅಲ್ಯೂಮಿನಿಯಂ ಅಥವಾ ಟೈಟಾನಿಯಂ ಆದರೆ ಆ ನೆಗ್ಗು ಪೂರ್ತಿ ಹೋಗುವುದು ಅಪರೂಪ.

ಈಗ ಮಲ್ಟಿಮೀಟರನ್ನು ಓಮ್‌ಗೆ ಇಟ್ಟು ಸ್ಪೀಕರಿನ ಹಿಂದಿನ ಎರಡು ಟರ್ಮಿನಲ್ಲುಗಳಿಗೆ ಮುಟ್ಟಿಸಿ. 8 ಓಮ್ ಎಂದು ಬರೆದ ಸ್ಪೀಕರ್ ಐದೂವರೆಯಿಂದ ಏಳರವರೆಗೆ ತೋರಿಸುತ್ತದೆ, 4 ಓಮ್‌ನದು ಮೂರರಿಂದ ಮೂರೂವರೆ. ಬರೆದದ್ದಕ್ಕಿಂತ ಕಡಿಮೆ ಬಂದದ್ದು ದೋಷವಲ್ಲ. ಎರಡು ಪೆಟ್ಟಿಗೆಗಳೂ ಹೆಚ್ಚುಕಡಿಮೆ ಒಂದೇ ಸಂಖ್ಯೆ ತೋರಿಸಬೇಕೆಂಬುದು ಮುಖ್ಯ. ಒಂದರಲ್ಲಿ 6.2, ಇನ್ನೊಂದರಲ್ಲಿ 3.9 ಎಂದು ಬಂದರೆ ಯಾವುದೋ ಕಾಲದಲ್ಲಿ ಒಂದರ ವೂಫರನ್ನು ಬೇರೆ ಯಾವುದೋ ವೂಫರಿನಿಂದ ಬದಲಿಸಿರುವ ಸಾಧ್ಯತೆ ಹೆಚ್ಚು. ಈ ಪರೀಕ್ಷೆಗೆ ಒಂದು ಮಿತಿಯಿದೆ: ಟ್ವೀಟರಿನ ದಾರಿಯಲ್ಲಿ, ದನಿಯನ್ನು ವೂಫರಿಗೂ ಟ್ವೀಟರಿಗೂ ಹಂಚುವ ಕ್ರಾಸ್‌ಓವರಿನ ಕೆಪಾಸಿಟರ್ ಕುಳಿತಿರುವುದರಿಂದ ಮೀಟರಿನ ಡಿ.ಸಿ., ಅಂದರೆ ಒಂದೇ ದಿಕ್ಕಿಗೆ ಹರಿಯುವ ವಿದ್ಯುತ್, ಅದನ್ನು ದಾಟುವುದಿಲ್ಲ. ಅಂದರೆ ಟ್ವೀಟರ್ ಸುಟ್ಟಿದ್ದರೂ ಮೀಟರ್ ಸರಿಯಾದ ಸಂಖ್ಯೆಯನ್ನೇ ತೋರಿಸುತ್ತದೆ. ಹಾಡು ನುಡಿಸಿ ಕಿವಿಯನ್ನು ಟ್ವೀಟರಿನ ಹತ್ತಿರಕ್ಕೆ ಒಯ್ದು ಕೇಳುವುದೊಂದೇ ದಾರಿ.

ಪೆಟ್ಟಿಗೆಯ ತಳವನ್ನು ನೋಡದೆ ಬಿಡಬೇಡಿ. ಪಾರ್ಟಿಕಲ್ ಬೋರ್ಡು ನೀರು ಕುಡಿದರೆ ಬಿಸ್ಕತ್ತಿನಂತೆ ಉಬ್ಬಿ ಅಂಚು ಬಿರಿಯುತ್ತದೆ, ಆಮೇಲೆ ಅದನ್ನು ಯಾವ ಬಡಗಿಯೂ ಸರಿ ಮಾಡಲಾರ. ಹಿಂಬದಿಯ ಸೀರಿಯಲ್ ನಂಬರುಗಳು ಒಂದೇ ಆಗಿದ್ದರೆ ಅಥವಾ ಒಂದರ ಪಕ್ಕ ಒಂದು ಬಂದರೆ ಜೊತೆ ಮೂಲದ್ದು.

ಆಂಪ್ಲಿಫೈಯರನ್ನು ಪರೀಕ್ಷಿಸುವುದು

ಪ್ಲಗ್ ಹಾಕುವ ಮುಂಚೆ ಮೇಲಿನ ಗಾಳಿಕಿಂಡಿಗಳ ಬಳಿ ಮೂಗು ಇಟ್ಟು ಮೂಸಿ ನೋಡುವುದರಲ್ಲಿ ನಾಚಿಕೆಯೇನೂ ಇಲ್ಲ; ಸುಟ್ಟ ವಾಸನೆ ವರ್ಷಗಟ್ಟಲೆ ಉಳಿಯುತ್ತದೆ. ಕಿಂಡಿಯೊಳಗೆ ಟಾರ್ಚ್ ಬಿಟ್ಟರೆ ಜಿರಲೆಯ ಗೂಡು, ಸತ್ತ ಹಲ್ಲಿ, ಇಲಿ ಕಡಿದ ವೈರುಗಳು ಕಾಣುವುದು ನಮ್ಮ ಕಡೆ ಸಾಮಾನ್ಯ. ಹಲ್ಲಿ ಬಿದ್ದು ಶಾರ್ಟ್ ಆಗಿ ಸತ್ತ ಆಂಪ್ಲಿಫೈಯರುಗಳು ರಿಪೇರಿ ಅಂಗಡಿಗಳಿಗೆ ಹೊಸತೇನಲ್ಲ. ಹಿಂಬದಿಯಲ್ಲಿ ಫ್ಯೂಸಿನ ಡಬ್ಬಿ ಇದ್ದರೆ ಬಿಚ್ಚಿಸಿ ನೋಡಿ. ಗಾಜಿನ ಕೊಳವೆಯ ಫ್ಯೂಸಿನ ಮೇಲೆ ತಾಮ್ರದ ತಂತಿ ಸುತ್ತಿದ್ದರೆ, ಆ ಸೆಟ್ಟಿನಲ್ಲಿ ಪದೇ ಪದೇ ಫ್ಯೂಸ್ ಹೋಗುವಂಥ ದೋಷವಿದ್ದು ಅದನ್ನು ಹುಡುಕುವ ತಾಳ್ಮೆ ಯಾರಿಗೂ ಇರಲಿಲ್ಲವೆಂದು ತಿಳಿದು ಅಲ್ಲಿಂದ ಹೊರಡಬಹುದು.

ವರ್ಷಗಳಿಂದ ಮೂಲೆಯಲ್ಲಿದ್ದ ಸೆಟ್ಟಾದರೆ ಗೋಡೆಯ ಪ್ಲಗ್ಗಿನಿಂದ ನೇರವಾಗಿ ಕರೆಂಟ್ ಕೊಡುವ ಬದಲು ಮೆಕ್ಯಾನಿಕ್‌ಗಳು ಬಳಸುವ ಸೀರೀಸ್ ಬೋರ್ಡಿನಲ್ಲಿ, ಅಂದರೆ 60 ಅಥವಾ 100 ವಾಟ್‌ನ ಹಳೆಯ ತಂತಿಬಲ್ಬಿನ ಮೂಲಕ, ಮೊದಲ ಸಲ ಆನ್ ಮಾಡಿಸುವುದು ಕ್ಷೇಮ. ಬಲ್ಬು ಒಮ್ಮೆ ಹೊತ್ತಿ ಮಂಕಾದರೆ ಸರಿ; ಪ್ರಕಾಶಮಾನವಾಗಿ ಉರಿಯುತ್ತಲೇ ಇದ್ದರೆ ಒಳಗೆ ಶಾರ್ಟ್ ಇದೆ. ಎಲ್‌ಇಡಿ ಬಲ್ಬು ಈ ಕೆಲಸಕ್ಕೆ ಬಾರದು.

ನೇರವಾಗಿ ಕರೆಂಟ್ ಕೊಟ್ಟು ಆನ್ ಮಾಡಿದ ಮೂರರಿಂದ ಐದು ಸೆಕೆಂಡುಗಳೊಳಗೆ "ಟಿಕ್" ಎಂಬ ಸದ್ದು ಬಂದರೆ ಅದು ಸ್ಪೀಕರನ್ನು ಕಾಯುವ ರಿಲೇ. ಒಳಗೆ ದೋಷವಿದ್ದರೆ ರಿಲೇ ಸ್ಪೀಕರಿಗೆ ಸಂಪರ್ಕ ಕೊಡುವುದೇ ಇಲ್ಲ. ಈಗ, ಸ್ಪೀಕರ್ ಜೋಡಿಸುವ ಮೊದಲೇ, ಈ ಇಡೀ ಲೇಖನದಲ್ಲಿ ಅತ್ಯಂತ ಮುಖ್ಯವಾದ ಅಳತೆಯನ್ನು ಮಾಡಬೇಕು. ವಾಲ್ಯೂಮನ್ನು ಸೊನ್ನೆಗೆ ಇಳಿಸಿ, ಐದು ನಿಮಿಷ ಸೆಟ್ಟು ಬೆಚ್ಚಗಾಗಲು ಬಿಟ್ಟು, ಮಲ್ಟಿಮೀಟರನ್ನು ಡಿ.ಸಿ. ಮಿಲಿವೋಲ್ಟಿಗೆ ಇಟ್ಟು ಎಡ ಸ್ಪೀಕರ್ ಟರ್ಮಿನಲ್ಲಿನ ಕೆಂಪು ಮತ್ತು ಕಪ್ಪಿಗೆ ಮುಟ್ಟಿಸಿ, ಆಮೇಲೆ ಬಲಕ್ಕೆ. ಎರಡೂ ತುದಿಗಳು ಒಂದಕ್ಕೊಂದು ತಾಗದಂತೆ ಜೋಪಾನ, ತಾಗಿದರೆ ಔಟ್‌ಪುಟ್ ಶಾರ್ಟ್ ಆಗುತ್ತದೆ. 30 ಮಿಲಿವೋಲ್ಟಿನೊಳಗೆ ಇದ್ದರೆ ಬಹಳ ಚೆನ್ನ, 50ರವರೆಗೆ ಚಿಂತೆಯಿಲ್ಲ, 100 ದಾಟಿದರೆ ಆ ಸೆಟ್ಟಿಗೆ ನಿಮ್ಮ ಸ್ಪೀಕರನ್ನು ಜೋಡಿಸಬೇಡಿ. ಈ ಡಿ.ಸಿ. ವೂಫರಿನ ಕಾಯಿಲನ್ನು ಸದಾ ಒಂದೇ ಕಡೆಗೆ ತಳ್ಳಿ ಹಿಡಿದಿರುತ್ತದೆ. ವೋಲ್ಟುಗಟ್ಟಲೆ ಬಂದರೆ ಸುಟ್ಟೇ ಬಿಡುತ್ತದೆ.

ಅಳತೆ ಸರಿಯಿದ್ದರೆ ಸ್ಪೀಕರ್ ಜೋಡಿಸಿ ಪ್ರತಿಯೊಂದು ಗುಂಡಿಯನ್ನೂ ತಿರುಗಿಸಿ ನೋಡಿ. ವಾಲ್ಯೂಮ್ ತಿರುಗಿಸಿದಾಗ ಕರಕರ ಸದ್ದು ಬರುವುದು ಧೂಳಿನಿಂದ. ಕಾಂಟ್ಯಾಕ್ಟ್ ಕ್ಲೀನರ್ ಸಿಂಪಡಿಸಿದರೆ ಸಾಮಾನ್ಯವಾಗಿ ಹೋಗುತ್ತದೆ. ಇದು ಚೌಕಾಸಿಗೆ ಒಳ್ಳೆಯ ನೆಪ, ಬೇಡವೆನ್ನಲು ಕಾರಣವಲ್ಲ. ಒಂದು ಚಾನೆಲ್ ಆಗಾಗ ಕ್ಷೀಣಿಸಿ, ವಾಲ್ಯೂಮ್ ಜೋರು ಮಾಡಿದಾಗ ಮರಳಿ ಬಂದರೆ ರಿಲೇಯ ಸಂಪರ್ಕ ಮಾಸಿದೆ, ಅದೂ ಸಣ್ಣ ರಿಪೇರಿ. ವಾಲ್ಯೂಮ್ ಸೊನ್ನೆಯಲ್ಲಿದ್ದರೂ ಕೇಳುವ ಗುಂಯ್ ಎಂಬ ಹಮ್ ಮುಖ್ಯ ಫಿಲ್ಟರ್ ಕೆಪಾಸಿಟರುಗಳು ಒಣಗಿರುವ ಸೂಚನೆಯಾಗಿರಬಹುದು. ಇದಕ್ಕೆ ಖರ್ಚು ಹೆಚ್ಚು. ಅರ್ಧ ಗಂಟೆ ನುಡಿಸಿ ಮೇಲ್ಭಾಗವನ್ನು ಮುಟ್ಟಿ ನೋಡಿ, ಬೆಚ್ಚಗಿರುವುದು ಸಹಜ, ಕೈ ಇಡಲಾಗದಷ್ಟು ಕಾದರೆ ಅಥವಾ ಒಂದೇ ಬದಿ ಕಾದರೆ ಸಹಜವಲ್ಲ. ಮುಚ್ಚಳವನ್ನು ನೀವೇ ತೆರೆಯುವ ಸಾಹಸ ಬೇಡ. ಪ್ಲಗ್ ತೆಗೆದ ಮೇಲೂ ದೊಡ್ಡ ಕೆಪಾಸಿಟರುಗಳಲ್ಲಿ ವಿದ್ಯುತ್ ಉಳಿದಿರುತ್ತದೆ.

ಬಿಡಿಭಾಗಗಳ ಬಗ್ಗೆಯೂ ಒಂದು ವಿಷಯ ತಿಳಿದಿರಬೇಕು. 1980, 90ರ ದಶಕದ ಹಲವು ಜಪಾನೀ ಸೆಟ್ಟುಗಳಲ್ಲಿ ಟ್ರಾನ್ಸಿಸ್ಟರುಗಳ ಬದಲು ಎಸ್‌ಟಿಕೆ ಎಂದು ಶುರುವಾಗುವ ಸಂಖ್ಯೆಯ ಒಂದು ದಪ್ಪ ಐಸಿ ಇರುತ್ತದೆ. ಅದು ಕೆಲಸ ಮಾಡುತ್ತಿರುವಷ್ಟು ಕಾಲ ಸೆಟ್ಟು ಚೆನ್ನ, ಸುಟ್ಟರೆ ಅಸಲಿ ಸಿಗುವುದು ದುರ್ಲಭ. ಮಾರುಕಟ್ಟೆಯಲ್ಲಿ ನಕಲಿಗಳೇ ಹೆಚ್ಚು. ಬಿಡಿ ಟ್ರಾನ್ಸಿಸ್ಟರುಗಳ ಸೆಟ್ಟಿಗೆ ಬದಲಿ ಸಿಗುತ್ತದೆ, ಆದರೆ ಬಹಳ ಬಳಕೆಯ 5200, 1943 ಎಂಬ ಸಂಖ್ಯೆಯ ಟ್ರಾನ್ಸಿಸ್ಟರ್ ಜೋಡಿಯಲ್ಲೂ ನಕಲಿಗಳ ಕಾಟವಿದೆ. ಆದ್ದರಿಂದ "ಐಸಿ ಹೋಗಿದೆ ಅಷ್ಟೇ ಸರ್, ಐನೂರು ರೂಪಾಯಿ ಕೆಲಸ" ಎಂಬ ಮಾತನ್ನು ನಂಬಿ ಸತ್ತ ಸೆಟ್ಟನ್ನು ಕೊಳ್ಳುವುದು ಬೇಡ. ಅದು ಅಷ್ಟು ಸುಲಭದ ಕೆಲಸವಾಗಿದ್ದರೆ ಅವರೇ ಮಾಡಿಸಿ ಇನ್ನೆರಡು ಸಾವಿರ ಹೆಚ್ಚಿಗೆ ಮಾರುತ್ತಿದ್ದರು.

ಕೇಳಿ ನೋಡುವುದು

ಮಾರುವವರು ನುಡಿಸುವ ಹಾಡಿನಿಂದ ಏನೂ ತಿಳಿಯುವುದಿಲ್ಲ. ಡಮಡಮ ಎನ್ನುವ ಹಾಡಿನಲ್ಲಿ ಎಲ್ಲ ಸ್ಪೀಕರುಗಳೂ ಒಂದೇ. ನಿಮಗೆ ಅಕ್ಷರಶಃ ಬಾಯಿಪಾಠವಿರುವ ರೆಕಾರ್ಡಿಂಗುಗಳನ್ನು ಮೊಬೈಲಿನಲ್ಲಿ ಡೌನ್‌ಲೋಡ್ ಮಾಡಿಕೊಂಡು ಹೋಗಿ. ಕರ್ನಾಟಕ ಸಂಗೀತದ ಕಛೇರಿಯೊಂದರ ರೆಕಾರ್ಡಿಂಗ್ ಇದಕ್ಕೆ ಹೇಳಿ ಮಾಡಿಸಿದಂತಿದೆ. ಹಿನ್ನೆಲೆಯ ತಂಬೂರಿಯ ಝೇಂಕಾರ ಗಾಯನದ ನಡುವೆಯೂ ಎಳೆಯೆಳೆಯಾಗಿ ಉಳಿದರೆ ಟ್ವೀಟರ್ ಆರೋಗ್ಯವಾಗಿದೆ. ಮೃದಂಗದ ಎಡಭಾಗದ ಗುಮಕಿ ಹುಟ್ಟಿ ಅಲ್ಲೇ ನಿಲ್ಲಬೇಕು, ಎಲ್ಲ ಸ್ವರಕ್ಕೂ ಒಂದೇ ಬಗೆಯ ಗುಂಯ್‌ಕಾರ ಹಿಂಬಾಲಿಸಿದರೆ ಅದು ಪೆಟ್ಟಿಗೆಯ ಅಥವಾ ಕೋಣೆಯ ದನಿ. ಯಕ್ಷಗಾನದ ಚಂಡೆಯನ್ನು ತುಸು ಜೋರಾಗಿ ಕೇಳಿದರೆ ಆಂಪ್ಲಿಫೈಯರ್ ಎಲ್ಲಿ ಒಡೆಯುತ್ತದೆ, ಸ್ಪೀಕರ್ ಎಲ್ಲಿ ಕಿರುಚುತ್ತದೆ ಎಂಬುದು ತಕ್ಷಣ ಗೊತ್ತಾಗುತ್ತದೆ.

ಎರಡೂ ಚಾನೆಲ್ಲಿನಲ್ಲಿ ಒಂದೇ ಧ್ವನಿ ಬರಿಸುವ ಮೋನೊ ಸ್ವಿಚ್ ಇದ್ದರೆ ಒತ್ತಿ, ಇಲ್ಲವಾದರೆ ಹಳೆಯ ಮೋನೊ ಹಾಡನ್ನು ಹಾಕಿ, ಎರಡು ಸ್ಪೀಕರುಗಳ ನಡುವೆ ಕುಳಿತು ಕೇಳಿ. ದನಿ ಖಾಲಿ ಜಾಗದ ನಟ್ಟನಡುವೆ ನಿಲ್ಲಬೇಕು. ಒಂದು ಕಡೆಗೆ ವಾಲಿದರೆ ಇನ್ನೊಂದು ಕಡೆಯ ಚಾನೆಲ್ ಕ್ಷೀಣ. ದನಿ ಎಲ್ಲೂ ನಿಲ್ಲದೆ ಕೋಣೆ ತುಂಬ ಚದುರಿ ಬಾಸ್ ತೆಳುವಾದರೆ ಒಂದು ಸ್ಪೀಕರಿನ ವೈರು ತಿರುವುಮುರುವಾಗಿದೆ. ಬ್ಯಾಲೆನ್ಸ್ ಗುಂಡಿಯನ್ನು ಅತ್ತಿತ್ತ ತಿರುಗಿಸಿ ಒಂದೊಂದನ್ನೇ ಬೇರೆಬೇರೆಯಾಗಿಯೂ ಕೇಳಿ, ಎರಡೂ ಅವಳಿಗಳಂತೆ ನುಡಿಯಬೇಕು.

ಬೆಲೆಯ ಮಾತು ಇದೆಲ್ಲ ಮುಗಿದ ಮೇಲೆ. "ಕೊನೆಯ ಸಲ ಯಾವಾಗ ರಿಪೇರಿ ಮಾಡಿಸಿದ್ದಿರಿ, ಏನು ಬದಲಿಸಿದರು?" ಎಂದು ಕೇಳಿ, ರಿಪೇರಿಯನ್ನು ಮುಚ್ಚಿಡುವವರಿಗಿಂತ ಬಿಲ್ಲನ್ನು ತೋರಿಸುವವರಿಂದ ಕೊಳ್ಳುವುದು ಮೇಲು. ನೋಡದೆ ಮುಂಗಡ ಕಳಿಸಬೇಡಿ, ಕೊರಿಯರ್‌ನಲ್ಲಿ ಹತ್ತು ಕಿಲೋ ತೂಕದ ಆಂಪ್ಲಿಫೈಯರ್ ತರಿಸುವ ಮುನ್ನ ಎರಡು ಸಲ ಯೋಚಿಸಿ.

ಮನೆಗೆ ತಂದ ಮೇಲೆ

ಟ್ಯೂನರ್, ಆಕ್ಸ್, ಸಿಡಿ, ಟೇಪ್ ಇನ್ ಎಂದು ಬರೆದಿರುವ ಸಾಕೆಟ್ಟುಗಳೆಲ್ಲ ಹೆಚ್ಚುಕಡಿಮೆ ಒಂದೇ. ಮೊಬೈಲಾಗಲಿ, ಬ್ಲೂಟೂತ್ ರಿಸೀವರಾಗಲಿ, ಯುಎಸ್‌ಬಿ ಡ್ಯಾಕ್ (ಡಿಜಿಟಲ್ ಧ್ವನಿಯನ್ನು ಆಂಪ್ಲಿಫೈಯರಿಗೆ ಬೇಕಾದ ವಿದ್ಯುತ್ ಸಂಕೇತವಾಗಿಸುವ ಪುಟ್ಟ ಡಬ್ಬ) ಆಗಲಿ ಇವುಗಳಲ್ಲಿ ಯಾವುದಕ್ಕಾದರೂ ಸೇರಿಸಬಹುದು. ಫೋನೊ ಎಂದು ಬರೆದಿರುವುದು ಮಾತ್ರ ಗ್ರಾಮಫೋನ್ ತಟ್ಟೆಯ ಟರ್ನ್‌ಟೇಬಲ್ಲಿಗೆ ಮೀಸಲು. ಅದರ ಮುಳ್ಳಿನ ಕಾರ್ಟ್ರಿಜ್ ಕೊಡುವುದು ಐದು ಮಿಲಿವೋಲ್ಟಿನಷ್ಟು, ಸಿಡಿ ಪ್ಲೇಯರ್ ಕೊಡುವುದು ಎರಡು ವೋಲ್ಟ್. ಆ ಸಾಕೆಟ್ಟಿಗೆ ಸಿಡಿ ಚುಚ್ಚಿದರೆ ಒಡೆದ ಸದ್ದು ಬರುವುದರಲ್ಲಿ ಆಶ್ಚರ್ಯವಿಲ್ಲ. ಟಿವಿಯಲ್ಲಿ ಆಪ್ಟಿಕಲ್ ಸಾಕೆಟ್ ಮಾತ್ರ ಇದ್ದರೆ ನಡುವೆ ಒಂದು ಸಣ್ಣ ಡ್ಯಾಕ್ ಬೇಕು, ಟಿವಿಯ ಸೆಟ್ಟಿಂಗಿನಲ್ಲಿ ಧ್ವನಿಯನ್ನು ಪಿಸಿಎಂ ಎಂಬ ಆಯ್ಕೆಗೆ ಬದಲಿಸಬೇಕು. ಟಿವಿ ಸೇರಿಸಿದೊಡನೆ ಹಮ್ ಶುರುವಾದರೆ ಆಂಪ್ಲಿಫೈಯರನ್ನು ದೂರುವ ಮೊದಲು ಕೇಬಲ್ ಟಿವಿಯ ವೈರನ್ನು ಕಿತ್ತು ನೋಡಿ, ಎಷ್ಟೋ ಸಲ ಹಮ್ ಬರುವುದು ಅಲ್ಲಿಂದ.

ಸ್ಪೀಕರ್ ವೈರಿಗೆ ಸಾವಿರಾರು ರೂಪಾಯಿ ಸುರಿಯುವ ಅಗತ್ಯವಿಲ್ಲ. ಎಲೆಕ್ಟ್ರಿಕಲ್ ಅಂಗಡಿಯಲ್ಲಿ ಸಿಗುವ ಒಂದೂವರೆ ಚದರ ಮಿಲಿಮೀಟರಿನ ತಾಮ್ರದ ಎಳೆವೈರು ಐದಾರು ಮೀಟರ್ ದೂರದವರೆಗೆ ಸಾಕು. ಎರಡೂ ಸ್ಪೀಕರುಗಳಿಗೆ ಕೆಂಪಿಗೆ ಕೆಂಪು, ಕಪ್ಪಿಗೆ ಕಪ್ಪು ಸೇರಿಸಿ, ಒಂದು ಎಳೆಯೂ ಪಕ್ಕದ ಟರ್ಮಿನಲ್ಲಿಗೆ ತಾಗದಂತೆ ತುದಿಯನ್ನು ಹುರಿಮಾಡಿ ಬಿಗಿಯಿರಿ. ಟರ್ಮಿನಲ್ಲಿನ ಬಣ್ಣ ಅಳಿಸಿಹೋಗಿದ್ದರೆ ಒಂದೂವರೆ ವೋಲ್ಟಿನ ಪೆನ್‌ಟಾರ್ಚ್ ಸೆಲ್ಲನ್ನು ಕ್ಷಣಮಾತ್ರ ಮುಟ್ಟಿಸಿ: ವೂಫರ್ ಹೊರಕ್ಕೆ ಜಿಗಿದರೆ ಸೆಲ್ಲಿನ ಪ್ಲಸ್ ತಾಗಿದ ತುದಿಯೇ ಸ್ಪೀಕರಿನ ಪ್ಲಸ್.

ಸ್ಪೀಕರುಗಳನ್ನು ಆರರಿಂದ ಎಂಟು ಅಡಿ ಅಂತರದಲ್ಲಿ, ನೀವು ಕೂರುವ ಜಾಗದಿಂದಲೂ ಅಷ್ಟೇ ದೂರದಲ್ಲಿ, ಟ್ವೀಟರ್ ಕುಳಿತವರ ಕಿವಿಯ ಎತ್ತರಕ್ಕೆ ಬರುವಂತೆ ಇಡಿ. ಹಿಂದಿನ ಗೋಡೆಯಿಂದ ಕನಿಷ್ಠ ಒಂದಡಿ ಬಿಡಿ, ಮೂಲೆಗೆ ತಳ್ಳಬೇಡಿ. ಸ್ಟೀಲ್ ಬೀರುವಿನ ಮೇಲೆ ಇಟ್ಟರೆ ಬೀರುವೇ ಹಾಡಲು ಶುರು ಮಾಡುತ್ತದೆ. ಬರಿ ನೆಲಕ್ಕೆ ಒಂದು ಜಮಖಾನ, ಕಿಟಕಿಗೆ ದಪ್ಪನೆಯ ಪರದೆ ಬಿದ್ದರೆ ಕಿರುಚು ಎಷ್ಟೋ ಇಳಿಯುತ್ತದೆ. ಆಂಪ್ಲಿಫೈಯರಿನ ತಲೆಯ ಮೇಲೆ ನಾಲ್ಕೈದು ಇಂಚು ಗಾಳಿಯಾಡಲು ಜಾಗವಿರಲಿ, ಮೇಲೆ ಕಸೂತಿ ಬಟ್ಟೆ ಹೊದಿಸುವುದು ಬೇಡ.

ಒಂದೆರಡು ವಾರ ಬಳಸಿದ ಮೇಲೆ ಸ್ಪೀಕರುಗಳನ್ನು ಬಿಚ್ಚಿ ಆ ಡಿ.ಸಿ. ಅಳತೆಯನ್ನು ಇನ್ನೊಮ್ಮೆ ಮಾಡಿ. ಕೊಂಡ ದಿನ ಬರೆದಿಟ್ಟುಕೊಂಡ ಸಂಖ್ಯೆಗೆ ಹತ್ತಿರವೇ ಇದ್ದರೆ ಸೆಟ್ಟನ್ನು ಅದರ ಪಾಡಿಗೆ ಬಿಡಬಹುದು. ಏರುತ್ತಾ ಹೋಗಿದ್ದರೆ, ಮುಂದಿನ ಗುಡುಗು ಮಿಂಚಿನ ಕಾಲಕ್ಕೆ ಮುಂಚೆ, ಉಳಿಸಿಟ್ಟ ರಿಪೇರಿಯ ಹಣದೊಂದಿಗೆ ಅದನ್ನು ಒಳ್ಳೆಯ ಮೆಕ್ಯಾನಿಕ್ ಬಳಿಗೆ ಒಯ್ಯಿರಿ.